ಮಕ್ಕಳ ಮೊಣಕೈ ಬಳಿಯ ಎಲುಬು ಮುರಿತ

ಮರದಿಂದಾಗಲಿ ಜಗಲಿಯಿಂದಾಗಲಿ ಬೀಳುವ ಮಗುವು ಕೈ ಚಾಚಿ ನೆಲಕ್ಕೆ ಊರುವದಷ್ಟೆ. ಆಗ ಮೈಭಾರವೆಲ್ಲಾ ಮೊಣಕೈಗೆ ತಗಲಿ, ತೋಳಿನ ಎಲುಬು ಕೆಳತುದಿಯಲ್ಲಿ ಮುರಿಯುವದುಂಟು. ಯಾಕಂದರೆ ಅದು ಅಲ್ಲಿ ಬಹಳ ತೆಳ್ಳಗಿರುತ್ತದೆ. 5ರಿಂದ 7 ವರುಷದ ಮಕ್ಕಳಲ್ಲಿ ಇದು ಹೆಚ್ಚು.

ಅಮೇರಿಕದ ವೈದ್ಯರಾದ ಗಾರ್ಟ್‌ಲಂಡ್ ಎಂಬವರು 1959ರಲ್ಲಿ ಈ ಮುರಿತಗಳನ್ನು ಮೂರು ತರಗಳಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಎಲುಬು ಬಿರಿದಿದ್ದರೂ ತನ್ನ ಸ್ಥಳವನ್ನು ಬಿಟ್ಟಿರುವದಿಲ್ಲ. ಇದಕ್ಕೆ ಶಸ್ತ್ರಕ್ರಿಯೆ ಬೇಡ. ಎಳೆದು ಕೂಡಿಸುವದಂತೂ ಬೇಡವೇ ಬೇಡ. ಆದರೆ ಅದು ಯಾವ ತರದ್ದೆಂದು ಬಾವನ್ನು ಮುಟ್ಟಿ ಹೇಳಲಾಗದು, ಎಕ್ಸ್-ರೇ ಚಿತ್ರದಿಂದಲೇ ತಿಳಿಯತಕ್ಕದ್ದು.

ವೈದ್ಯರು ತೋಳಿನಿಂದ ಅಂಗೈವರೆಗೆ ಪ್ಲಾಸ್ಟರ್ ಹಾಕಿ, ಮೊಣಕೈಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸದೆ, ಕೊರಳಿಗೆ ಜೋಲಿ ಕಟ್ಟುವರು. ಬಾವಿಗೆ ಎಡೆಯಿರಬೇಕಾದ್ದರಿಂದ ಮೊದಲು ಒಂದು ಬದಿಗೆ ಮಾತ್ರ ಪ್ಲಾಸ್ಟರ್ ಇಡುವದೂ ಉಂಟು. ಒಂದು ವಾರದಲ್ಲಿ ಮತ್ತೊಮ್ಮೆ ಚಿತ್ರ ತೆಗೆದು, ಎಲುಬು ಜಾರಿಲ್ಲವೆಂದು ನೋಡುವರು. ಸುಮಾರು 3 ವಾರಗಳಲ್ಲಿ ಅದು ಕೂಡುವದು.

ಇಷ್ಟು ಸುಲಭವಾದದ್ದಕ್ಕೆ ಆಸ್ಪತ್ರೆ ಯಾಕೆ, ಎಲುಬು ಕಟ್ಟುವವನು ಸಾಲದೇ ಎಂದು ಕೇಳುವವರುಂಟು. ಅವನ ಕೈಗುಣವನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಆದರೆ ಸ್ಥಳಬಿಡದ ಎಲುಬು ಯಾರು ಕಟ್ಟಿದರೂ ಕೂಡುವದು. ಅವನ ಹೆಸರು ಬೆಳೆಯುವದು ಬಹಳಮಟ್ಟಿಗೆ ಇದರಿಂದಲೇ. ಕೇಡು ಇರುವದು ಬಿದಿರಿನ ದಬ್ಬೆಯ ಬಿಗಿಯಲ್ಲಿ. ಬಾವು ಏರಿದಂತೆ ಕಟ್ಟು ಇನ್ನೂ ಬಿಗಿಯುವದು. ಜರ್ಮನಿಯ ಶಸ್ತ್ರವೈದ್ಯರಾದ ಫೋಲ್ಕ್‌ಮನ್ ಎಂಬವರು 1881ರಲ್ಲಿಯೇ, ಬಿಗಿಯಾದ ಕಟ್ಟಿನಿಂದ ರಕ್ತ ಸಿಕ್ಕದೆ ಮಾಂಸಖಂಡಗಳು ಸತ್ತು, ಬೆರಳುಗಳು ಮುದುಡಿಹೋಗುವದನ್ನು ವರ್ಣಿಸಿದರು. ಮುರಿದ ಎಲುಬು ಚೆನ್ನಾಗಿ ಕೂಡಿದ್ದರೂ ಕೈ ಮಾತ್ರ ಕೆಲಸಕ್ಕೆ ಬಾರದೆ ಹೋಗುವದು.

ಆದಕಾರಣ ತಾಯಿಯಾದವಳು, ಆಸ್ಪತ್ರೆಯ ಪ್ಲಾಸ್ಟರೇ ಆಗಿದ್ದರೂ, ಮೊದಲ ಎರಡು ಮೂರು ದಿವಸ ಮಗುವಿನ ಬೆರಳುಗಳನ್ನು ರಾತ್ರಿಯೂ ನೋಡತಕ್ಕದ್ದು. ಅವು ಬಿಸಿಯಾಗಿ ಕೆಂಪಾಗಿವೆಯೋ? ಮಗುವು ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಉಂಗುರ ಮಾಡಬಲ್ಲದೋ? ನೋವು ತಗ್ಗುವ ಬದಲು ಏರಿದರೆ, ಬೆರಳು ನೆಟ್ಟಗೆ ಮಾಡುವಾಗ ಮಗುವು ಚೀರಿದರೆ, ಬೆರಳು ಬಿಳಿಚಿದರೆ ಅಥವಾ ಜೋಮು ಹಿಡಿದರೆ ಬೆಳಗಾಗುವ ವರೆಗೆ ಕಾಯಬಾರದು. ನಾಟಿ ಕಟ್ಟಾಗಿದ್ದರೆ ಕೂಡಲೇ ಬಿಚ್ಚಿ, ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡತಕ್ಕದ್ದು. ರಕ್ತವಿಲ್ಲದ ಮಾಂಸ ಕೆಲವೇ ಘಂಟೆಗಳಲ್ಲಿ ಸಾಯುತ್ತದೆ.

ಪ್ಲಾಸ್ಟರ್ ತೆಗೆದ ಮೇಲೆ ಮೊಣಕೈ ಬಿರುಸಾಗಿರುವದು. ಎಣ್ಣೆ ಹಚ್ಚಿ ತಿಕ್ಕುವದೂ ಬಲದಿಂದ ಚಾಚುವದೂ ಬೇಡ. ಅದರಿಂದ ಮಾಂಸದೊಳಗೇ ಎಲುಬು ಬೆಳೆದು ಕೀಲು ಹಿಡಿಯಬಹುದು. ಮಗುವು ಉಣ್ಣುತ್ತಾ ಆಡುತ್ತಾ ತಾನೇ ಕೈಯನ್ನು ಸಡಿಲಿಸಿಕೊಳ್ಳುವದು. ಮರ ಹತ್ತುವದನ್ನು ಮಾತ್ರ ಇನ್ನು ಕೆಲವು ವಾರ ತಡೆಯತಕ್ಕದ್ದು.