ಮಿದುಳಿನ ರಕ್ತಸ್ರಾವಕ್ಕೆ ಶಸ್ತ್ರಕ್ರಿಯೆ ಯಾವಾಗ?

ಸೀವುಡ್ಸಿನಲ್ಲಿ ದುಡಿಯುವ ನಮ್ಮವರಲ್ಲಿ ಒಂದು ವಾಡಿಕೆಯುಂಟು. ಯಾರಾದರೂ ಕಾಯಿಲೆ ಬಿದ್ದರೆ, "ಊರಿಗೆ ಕರೆದೊಯ್ಯೋಣ, ಅಲ್ಲಿ ನೋಡಿಕೊಳ್ಳುವವರಿದ್ದಾರೆ" ಎನ್ನುತ್ತೇವೆ. ಅನೇಕ ಕಾಯಿಲೆಗಳಿಗೆ ಇದು ನಡೆದೀತು. ಆದರೆ ಇಲ್ಲಿ ಹೇಳುವ ಕಾಯಿಲೆಗೆ ನಡೆಯದು.

ಹಳೆಯ ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುವುದನ್ನು ನೀವು ನೋಡಿದ್ದೀರಿ. ಮಿದುಳಿನ ತಳದ ಧಮನಿಗಳು ಕವಲೊಡೆಯುವಲ್ಲಿಯೂ ಗೋಡೆ ಬಲಗುಂದಿ ಹಾಗೆಯೇ ಉಬ್ಬಬಹುದು. ಇದಕ್ಕೆ ಅನ್ಯೂರಿಸಂ ಎಂದು ಹೆಸರು. ರಕ್ತದ ಏರೊತ್ತಡ, ಬೀಡಿ, ಸಿಗರೇಟು ಅಪಾಯವನ್ನು ಹೆಚ್ಚಿಸುತ್ತವೆ. ಈ ಗುಳ್ಳೆ ಒಡೆದರೆ ರಕ್ತವು ಮಿದುಳಿನ ಸುತ್ತ ಹರಡುತ್ತದೆ. ಆಗ ಸಿಡಿಲು ಬಡಿದಂತೆ, ಹಿಂದೆಂದೂ ಕಾಣದ ತಲೆನೋವು ಒಮ್ಮೆಗೇ ಬರುತ್ತದೆ. ವಾಂತಿಯಾಗಬಹುದು, ಕತ್ತು ಬಿಗಿಯಬಹುದು, ಎಚ್ಚರ ತಪ್ಪಬಹುದು.

ಇದರ ನಂತರ ಎರಡು ಗಂಡಾಂತರಗಳಿವೆ. ಮೊದಲನೆಯದು, ಗುಳ್ಳೆ ಮತ್ತೆ ಒಡೆಯುವುದು. ಈ ಭಯ ಮೊದಲ 24 ಗಂಟೆಗಳಲ್ಲಿಯೇ ಅತಿ ಹೆಚ್ಚು. ಎರಡನೆಯ ಸ್ರಾವ ಅನೇಕರ ಪ್ರಾಣ ತೆಗೆಯುತ್ತದೆ. ಎರಡನೆಯದು, ಚೆಲ್ಲಿದ ರಕ್ತದಿಂದ ಕೆರಳಿದ ಧಮನಿಗಳು ಕಿರಿದಾಗುವುದು. ಇದು 3-4ನೆಯ ದಿನ ಆರಂಭವಾಗಿ, 7ರಿಂದ 10ನೆಯ ದಿನದಲ್ಲಿ ಹೆಚ್ಚಿ, ಎರಡು-ಮೂರು ವಾರಗಳಲ್ಲಿ ಇಳಿಯುತ್ತದೆ.

ಅಮೆರಿಕದ ವೈದ್ಯ ವಾಲ್ಟರ್ ಡ್ಯಾಂಡಿ 1937ರಲ್ಲಿ ಇಂಥ ಗುಳ್ಳೆಯ ಬುಡಕ್ಕೆ ಲೋಹದ ಕ್ಲಿಪ್ಪು ಹಾಕಿದರು. ಆಮೇಲೂ ಬಹುಕಾಲ ಅನೇಕ ವೈದ್ಯರು ಮಿದುಳಿನ ಬಾವು ಇಳಿಯಲೆಂದು ಎರಡು ವಾರ ಕಾಯುತ್ತಿದ್ದರು. ಕಾಯುವಾಗಲೇ ಕೆಲವರು ಮತ್ತೆ ರಕ್ತ ಸುರಿದು ತೀರಿಕೊಳ್ಳುತ್ತಿದ್ದರು. 1980ರಿಂದ 1983ರವರೆಗೆ 14 ದೇಶಗಳ 68 ಕೇಂದ್ರಗಳಲ್ಲಿ 3,521 ರೋಗಿಗಳನ್ನು ಗಮನಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. 7ರಿಂದ 10ನೆಯ ದಿನಕ್ಕೆ ಶಸ್ತ್ರಕ್ರಿಯೆ ಗೊತ್ತುಮಾಡಿದವರ ಗತಿಯೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಧಮನಿ ಕಿರಿದಾಗುವ ದಿನಗಳೂ ಅವೇ ಎಂಬುದನ್ನು ಗಮನಿಸಿರಿ.

ಇಂದಿನ ನಿಯಮವಿಷ್ಟು: ಸಾಧ್ಯವಾದಷ್ಟು ಬೇಗ, ಆದರೆ 24 ಗಂಟೆಗಳೊಳಗೆ, ಗುಳ್ಳೆಯನ್ನು ಮುಚ್ಚಬೇಕು. ತಲೆಬುರುಡೆ ತೆರೆದು ಕ್ಲಿಪ್ಪು ಹಾಕುವುದು ಒಂದು ದಾರಿ. ತೊಡೆಸಂದಿನ ಧಮನಿಯಿಂದ ಸಣ್ಣ ನಳಿಕೆ ತೂರಿಸಿ, ಗುಳ್ಳೆಯೊಳಗೆ ಪ್ಲಾಟಿನಂ ಸುರುಳಿ ತುಂಬುವುದು ಇನ್ನೊಂದು. ಯಾರಿಗೆ ಯಾವುದು ತಕ್ಕದ್ದೆಂದು ವೈದ್ಯರೇ ನಿರ್ಧರಿಸುತ್ತಾರೆ. ತಡವಾಗಿ ಬಂದವರಿಗೂ ಚಿಕಿತ್ಸೆಯುಂಟು; ಆಸೆ ಬಿಡಬೇಕಿಲ್ಲ.

ಒಂದು ಮಾತು ಮರೆಯಬಾರದು. ಗುಳ್ಳೆ ಮುಚ್ಚಿದರೆ ಮೊದಲನೆಯ ಗಂಡಾಂತರ ಕಳೆಯಿತು, ಎರಡನೆಯದು ಕಳೆಯಲಿಲ್ಲ. ಆದ್ದರಿಂದ ನಿಮೋಡಿಪಿನ್ ಎಂಬ ಔಷಧವನ್ನು ಸಾಮಾನ್ಯವಾಗಿ 21 ದಿನ, ರಾತ್ರಿಯೂ ತಪ್ಪದೆ, 4 ಗಂಟೆಗೊಮ್ಮೆ ಕೊಡುತ್ತಾರೆ. ರೋಗಿ ಎದ್ದು ಕುಳಿತು ಮಾತನಾಡುತ್ತಾನೆಂದು 6ನೆಯ ದಿನವೇ ಮನೆಗೆ ಕಳಿಸಿರೆಂದು ಹಟ ಹಿಡಿಯಬಾರದು. ಮಂಪರು, ಮಾತಿನ ತೊದಲು, ಕೈಕಾಲಿನ ಸೋಲು ಕಂಡರೆ ಕೂಡಲೇ ದಾದಿಗೆ ತಿಳಿಸಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಇಂಥ ತಲೆನೋವು ಬಂದವರಿಗೆ ಆಸ್ಪಿರಿನ್ ಕೊಟ್ಟು ಮಲಗಿಸಬೇಡಿ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. 108ಕ್ಕೆ ಫೋನು ಮಾಡಿ. ನೋವು ಎಷ್ಟು ಗಂಟೆಗೆ ಬಂತೆಂದು ಬರೆದಿಟ್ಟುಕೊಳ್ಳಿ. ಸಿ.ಟಿ. ಯಂತ್ರವೂ ಮಿದುಳಿನ ಶಸ್ತ್ರಕ್ರಿಯೆಯ ವಿಭಾಗವೂ ಇರುವ ಆಸ್ಪತ್ರೆಯನ್ನೇ ಕೇಳಿ. ಸಾಯನ್ ಮತ್ತು ಪರೇಲಿನ ಕೆ.ಇ.ಎಂ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಇ.ಎಸ್.ಐ. ಕಾರ್ಡಿದ್ದರೆ ಜೊತೆಗಿರಲಿ, ಅದನ್ನು ಹುಡುಕುತ್ತ ಹೊತ್ತು ಕಳೆಯಬೇಡಿ.

ಬೆಂಗಳೂರಿನ ನಿಮ್ಹಾನ್ಸ್ ಹೆಸರಾಂತ ಸಂಸ್ಥೆ, ನಿಜ. ಆದರೆ ಅದು ಇಲ್ಲಿಂದ ಸಾವಿರ ಕಿಲೋಮೀಟರಿಗೆ ಸಮೀಪದ ದೂರ. ರಾತ್ರಿಯ ಬಸ್ಸಿನಲ್ಲಿ ಕಳೆಯುವ ಹೊತ್ತೇ ಗುಳ್ಳೆ ಮತ್ತೆ ಒಡೆಯುವ ಹೊತ್ತು. ನೋಡಿಕೊಳ್ಳುವವರು ಬೇಕಾದರೆ ಊರಿನಿಂದ ಇಲ್ಲಿಗೆ ಬರಲಿ. ರೋಗಿಯನ್ನು ಅಲ್ಲಿಗೆ ಹೊರಡಿಸುವುದು ಬೇಡ.