ಉಪ್ಪೂ ರಕ್ತದ ಒತ್ತಡವೂ

ಅಣ್ಣತಮ್ಮಂದಿರಿಬ್ಬರು ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಗಂಜಿಯನ್ನೂ ಒಂದೇ ಭರಣಿಯ ಉಪ್ಪಿನಕಾಯಿಯನ್ನೂ ಉಣ್ಣುತ್ತಾರೆಂದು ಇಟ್ಟುಕೊಳ್ಳಿರಿ. ಅಣ್ಣನಿಗೆ ರಕ್ತದ ಒತ್ತಡವು ಏರಿದೆ. ಉಪ್ಪನ್ನು ಕಡಿಮೆಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ತಮ್ಮನಾದರೋ, "ಅಣ್ಣಾ, ನಾನೂ ಅದನ್ನೇ ಉಂಡೆನಲ್ಲಾ, ನನಗೇನೂ ಆಗಲಿಲ್ಲ, ಈ ಮಾತನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡ" ಅನ್ನುತ್ತಾನೆ. ತಮ್ಮನು ಹೇಳಿದ ಸಂಗತಿಯು ಸುಳ್ಳಲ್ಲ. ಅದರಿಂದ ಅವನು ಮಾಡಿಕೊಂಡ ತೀರ್ಮಾನವೇ ತಪ್ಪಾದದ್ದು. ಅದು ಹೇಗೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಯಾಕಂದರೆ ಇಂಥ ಮಾತನ್ನು ನಂಬಿ ಔಷಧವನ್ನೂ ಪಥ್ಯವನ್ನೂ ಬಿಟ್ಟವನಿಗೆ ಪಾರ್ಶ್ವವಾಯುವಾಗಲಿ ಹೃದ್ರೋಗವಾಗಲಿ ಮುನ್ಸೂಚನೆಯಿಲ್ಲದೆ ಬರಬಹುದು.

೧. ಉಪ್ಪು ದೇಹದಲ್ಲಿ ಮಾಡುವ ಕೆಲಸ

ಹೃದಯವು ತಳ್ಳಿದ ರಕ್ತವು ನಾಳಗಳ ಗೋಡೆಯನ್ನು ಒತ್ತುವ ಬಲಕ್ಕೆ ರಕ್ತದ ಒತ್ತಡವೆಂದು ಹೆಸರು. ಇಂಗ್ಲೆಂಡಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಸಭಾಪಾಲಕನು ಒಂದು ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆಯನ್ನು ಜೋಡಿಸಿ, ರಕ್ತವು ಅದರಲ್ಲಿ ಎಂಟು ಅಡಿಗಿಂತ ಹೆಚ್ಚು ಎತ್ತರಕ್ಕೆ ಏರಿದ್ದನ್ನು ಅಳೆದು, ೧೭೩೩ರಲ್ಲಿ ಪ್ರಕಟಿಸಿದನು. ಈಗ ತೋಳಿಗೆ ಪಟ್ಟಿಯನ್ನು ಕಟ್ಟಿ ಸುಲಭವಾಗಿ ಅಳೆಯುತ್ತಾರೆ. ೧೨೦/೮೦ರ ಆಸುಪಾಸು ಸಾಧಾರಣವಾದದ್ದು. ಬೇರೆ ಬೇರೆ ದಿನ ಅಳೆದಾಗಲೂ ೧೪೦/೯೦ ಇಲ್ಲವೆ ಅದಕ್ಕಿಂತ ಹೆಚ್ಚು ಇದ್ದರೆ ಅದು ಏರಿದ ಒತ್ತಡ.

ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು ನಾಲ್ವತ್ತು ಪಾಲು ಸೋಡಿಯಮ್ ಎಂಬ ಧಾತುವುಂಟು. ಅದು ದೇಹಕ್ಕೆ ಅವಶ್ಯವೇ. ಆದರೆ ಹೆಚ್ಚಾದದ್ದನ್ನು ಮೂತ್ರಪಿಂಡಗಳು ಹೊರಗೆ ಹಾಕಬೇಕು. ಹಾಕುವ ತನಕ ಅದು ನೀರನ್ನು ತನ್ನ ಸಂಗಡ ಹಿಡಿದುಕೊಳ್ಳುವದು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮ ಹಿರಿಯರು ಹೇಳಿದ ಗಾದೆಯು ಬೇರೆ ಅರ್ಥಕ್ಕೆ ಸಲ್ಲುವದಾದರೂ ದೇಹದ ವಿಷಯದಲ್ಲಿ ಅಕ್ಷರಶಃ ಸತ್ಯವಾಗಿದೆ.

ಇಲ್ಲಿಯೇ ಮನುಷ್ಯರೊಳಗಿನ ಭೇದವು ಆರಂಭವಾಗುತ್ತದೆ. ಕೆಲವರ ಮೂತ್ರಪಿಂಡಗಳು ಹೆಚ್ಚಿನ ಉಪ್ಪನ್ನು ಬೇಗನೆ ಹೊರಡಿಸುತ್ತವೆ. ಅವರ ರಕ್ತನಾಳಗಳೂ ಸಡಿಲವಾಗಿ ಹೆಚ್ಚಾದ ನೀರಿಗೆ ಎಡೆಕೊಡುತ್ತವೆ. ಇವರಲ್ಲಿ ಒತ್ತಡವು ಅಷ್ಟಾಗಿ ಏರದು. ಬೇರೆ ಕೆಲವರಲ್ಲಿ ನಾಳಗಳು ಹಾಗೆ ಸಡಿಲವಾಗುವದಿಲ್ಲ; ಒತ್ತಡವು ಏರಿದ ಹೊರತು ಮೂತ್ರಪಿಂಡಗಳು ಉಪ್ಪನ್ನು ಸಾಕಷ್ಟು ಬಿಡುವದೂ ಇಲ್ಲ. ಇಂಥವರನ್ನು ಉಪ್ಪಿಗೆ ಬಾಗುವ ದೇಹದವರೆಂದು ಕರೆಯೋಣ.

೨. ಇದು ಹೇಗೆ ತಿಳಿದುಬಂತು?

ಅಮೇರಿಕದ ಬ್ರೂಕ್‌ಹೇವನ್ ಎಂಬಲ್ಲಿ ಲೂಯಿಸ್ ಡಾಲ್ ಎಂಬ ವೈದ್ಯನು ಇಲಿಗಳಿಗೆ ಬಹಳ ಉಪ್ಪುಳ್ಳ ಆಹಾರವನ್ನು ಕೊಟ್ಟನು. ಕೆಲವಕ್ಕೆ ಒತ್ತಡವು ಏರಿತು, ಕೆಲವಕ್ಕೆ ಏರಲಿಲ್ಲ. ಏರಿದವುಗಳನ್ನು ತಮ್ಮೊಳಗೂ ಏರದವುಗಳನ್ನು ತಮ್ಮೊಳಗೂ ಕೂಡಿಸಿ ಸಂತತಿಯನ್ನು ಪಡೆಯಲಾಗಿ, ಕೆಲವೇ ತಲೆಮಾರುಗಳಲ್ಲಿ ಎರಡು ಬೇರೆ ವಂಶಗಳಾದವು. ೧೯೬೨ರಲ್ಲಿ ಪ್ರಕಟವಾದ ಈ ಕೆಲಸದಿಂದ, ಒಂದೇ ಆಹಾರಕ್ಕೆ ಎರಡು ದೇಹಗಳು ಬೇರೆ ಬೇರೆಯಾಗಿ ಉತ್ತರ ಕೊಡುವದಕ್ಕೆ ಹುಟ್ಟುಗುಣವೂ ಒಂದು ಕಾರಣವೆಂದು ಸ್ಪಷ್ಟವಾಯಿತು.

ಮನುಷ್ಯರ ವಿಷಯದಲ್ಲಿ ಇಂಡಿಯಾನಾ ಪ್ರಾಂತ್ಯದ ವೈನ್‌ಬರ್ಗರ್ ಎಂಬ ವೈದ್ಯನೂ ಅವನ ಸಂಗಡಿಗರೂ ೧೯೮೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಒಬ್ಬೊಬ್ಬರ ನಾಳದೊಳಗೆ ಮೊದಲು ಉಪ್ಪುನೀರನ್ನು ಹರಿಸಿ ಒತ್ತಡವನ್ನು ಅಳೆದರು. ಆ ಮೇಲೆ ಉಪ್ಪು ಕಡಿಮೆಯಾದ ಆಹಾರವನ್ನೂ ಮೂತ್ರವನ್ನು ಹೊರಡಿಸುವ ಔಷಧವನ್ನೂ ಕೊಟ್ಟು ತಿರಿಗಿ ಅಳೆದರು. ಏರಿದ ಒತ್ತಡವುಳ್ಳವರಲ್ಲಿ ನೂರಕ್ಕೆ ೫೧ ಮಂದಿ, ಸಾಧಾರಣ ಒತ್ತಡವುಳ್ಳವರಲ್ಲಿ ನೂರಕ್ಕೆ ೨೬ ಮಂದಿ ಉಪ್ಪಿಗೆ ಬಾಗುವವರಾಗಿ ಕಂಡುಬಂದರು. ಈ ಎರಡನೆಯ ಅಂಕೆಯನ್ನು ಮರೆಯಬಾರದು. ಯಾಕಂದರೆ ಇದೇ ಜನರ ಮುಂದಿನ ಜೀವಿತವನ್ನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ವಿಚಾರಿಸಿ ೨೦೦೧ರಲ್ಲಿ ತಿಳಿಸಿದ್ದೇನಂದರೆ, ಆರಂಭದಲ್ಲಿ ಸಾಧಾರಣ ಒತ್ತಡವಿದ್ದರೂ ಉಪ್ಪಿಗೆ ಬಾಗುವವರಾಗಿದ್ದ ಪ್ರಾಯಸ್ಥರಲ್ಲಿ ಮರಣವು ಏರಿದ ಒತ್ತಡದವರಲ್ಲಿ ಇದ್ದಷ್ಟೇ ಇತ್ತು. ಹೀಗಿರಲಾಗಿ, "ನನಗೇನೂ ಆಗಲಿಲ್ಲ" ಎಂಬ ತಮ್ಮನ ಮಾತಿಗೆ "ಇಂದಿನ ವರೆಗೆ" ಎಂಬದನ್ನು ಕೂಡಿಸಿ ಓದಬೇಕು.

೩. ಯಾರು ಹೆಚ್ಚಾಗಿ ಬಾಗುವವರು?

ವಯಸ್ಸಾದವರು, ಈಗಾಗಲೇ ಒತ್ತಡ ಏರಿದವರು, ಮೂತ್ರಪಿಂಡದ ರೋಗವುಳ್ಳವರು, ಸಿಹಿಮೂತ್ರ ರೋಗವುಳ್ಳವರು, ಮುಟ್ಟು ನಿಂತ ಸ್ತ್ರೀಯರು, ಆಫ್ರಿಕ ಮೂಲದವರು, ಇವರಲ್ಲಿ ಈ ಸ್ವಭಾವವು ಹೆಚ್ಚು. ಕಾಯಿಪಲ್ಯ ಹಣ್ಣು ಬೇಳೆಗಳಲ್ಲಿರುವ ಪೊಟ್ಯಾಸಿಯಮ್ ಎಂಬ ಧಾತುವು ಊಟದಲ್ಲಿ ಕಡಿಮೆಯಾದರೂ ಉಪ್ಪಿನ ಬಾಧೆಯು ಬೆಳೆಯುತ್ತದೆ. ಅಮೇರಿಕದಲ್ಲಿ ೪೧೨ ಮಂದಿಯನ್ನು ಎರಡು ಪಂಗಡಮಾಡಿ, ಒಂದಕ್ಕೆ ಆ ದೇಶದ ವಾಡಿಕೆಯ ಊಟವನ್ನೂ ಇನ್ನೊಂದಕ್ಕೆ ಹಣ್ಣು ತರಕಾರಿ ಹೆಚ್ಚಾಗಿದ್ದು ಕೊಬ್ಬು ಕಡಿಮೆಯಾದ ಊಟವನ್ನೂ ಕೊಟ್ಟು, ಪ್ರತಿಯೊಬ್ಬರಿಗೂ ಉಪ್ಪಿನ ಮೂರು ಪ್ರಮಾಣಗಳನ್ನು ಒಂದೊಂದು ತಿಂಗಳು ಉಣಿಸಿದರು. ೨೦೦೧ರಲ್ಲಿ ಪ್ರಕಟವಾದ ಫಲವೇನಂದರೆ, ಹೆಚ್ಚು ಉಪ್ಪಿನಿಂದ ಕಡಿಮೆ ಉಪ್ಪಿಗೆ ಇಳಿದಾಗ ವಾಡಿಕೆಯ ಊಟದವರಲ್ಲಿ ಮೇಲಿನ ಅಂಕೆಯು ಸರಾಸರಿ ೬.೭ರಷ್ಟು ಇಳಿಯಿತು, ಹಣ್ಣು ತರಕಾರಿಯವರಲ್ಲಿ ೩ರಷ್ಟು ಮಾತ್ರ. ಯಾಕಂದರೆ ಆ ಒಳ್ಳೆಯ ಊಟವೇ ಅವರ ಒತ್ತಡವನ್ನು ಮೊದಲೇ ತಗ್ಗಿಸಿತ್ತು. ಎರಡು ಉಪಾಯಗಳೂ ಕೂಡಿದಾಗ ಏರಿದ ಒತ್ತಡದವರಲ್ಲಿ ೧೧.೫ರಷ್ಟು ಇಳಿಯಿತು. ಇದು ಒಂದು ಔಷಧದ ಗುಣಕ್ಕೆ ಹೆಚ್ಚುಕಡಿಮೆ ಸಮಾನವಾದದ್ದು.

"ನಾನು ಯಾವ ಪಂಗಡದವನು?" ಎಂದು ವಾಚಕನು ಕೇಳಬಹುದು. ಒಮ್ಮೆ ನೋಡಿ ಇದನ್ನು ನಿಶ್ಚಯಿಸುವ ಸುಲಭವಾದ ಪರೀಕ್ಷೆ ಆಸ್ಪತ್ರೆಗಳಲ್ಲಿ ವಾಡಿಕೆಯಲ್ಲಿಲ್ಲ. ಅದಲ್ಲದೆ ಈ ಗುಣವು ಇದೆ ಇಲ್ಲ ಎಂದು ಎರಡಾಗಿ ಒಡೆದದ್ದೂ ಅಲ್ಲ. ಕರಿದಿನಿಂದ ಬಿಳಿದಿಗೆ ಮೆಲ್ಲಗೆ ಹೋಗುವ ಬಣ್ಣದಂತೆ ಹೆಚ್ಚುಕಡಿಮೆಯಾಗಿ ಎಲ್ಲರಲ್ಲಿ ಹರಡಿಕೊಂಡಿದೆ, ವಯಸ್ಸಿನೊಂದಿಗೆ ಬದಲಾಗುತ್ತದೆ. ೨೦೨೩ರಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯಲ್ಲಿ ೫೦ರಿಂದ ೭೫ ವಯಸ್ಸಿನ ೨೧೩ ಮಂದಿ ಒಂದು ವಾರ ಹೆಚ್ಚು ಉಪ್ಪನ್ನೂ ಒಂದು ವಾರ ಕಡಿಮೆ ಉಪ್ಪನ್ನೂ ಉಂಡರು. ನಾಲ್ವರಲ್ಲಿ ಸುಮಾರು ಮೂವರಿಗೆ ಕಡಿಮೆ ಉಪ್ಪಿನ ವಾರದಲ್ಲಿ ಒತ್ತಡವು ಇಳಿದಿತ್ತು.

೪. ಹಳ್ಳಿಗಳಲ್ಲಿ ನಡೆದ ಪರೀಕ್ಷೆ

ಚೀನಾ ದೇಶದ ೬೦೦ ಹಳ್ಳಿಗಳಲ್ಲಿ, ಮುಂಚೆ ಪಾರ್ಶ್ವವಾಯು ತಗಲಿದವರೂ, ೬೦ ವಯಸ್ಸಾಗಿ ಒತ್ತಡ ಏರಿದವರೂ ಆದ ೨೦,೯೯೫ ಮಂದಿಯನ್ನು ಸುಮಾರು ಐದು ವರ್ಷ ನೋಡಿಕೊಂಡರು. ಅರ್ಧ ಹಳ್ಳಿಗಳವರು ವಾಡಿಕೆಯ ಉಪ್ಪನ್ನೇ ಬಳಸಿದರು; ಉಳಿದವರಿಗೆ ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಸಿಯಮ್ ಲವಣವನ್ನು ಬೆರಸಿದ ಉಪ್ಪನ್ನು ಕೊಟ್ಟರು. ೨೦೨೧ರಲ್ಲಿ ತಿಳಿದುಬಂದದ್ದೇನಂದರೆ, ವಾಡಿಕೆಯ ಉಪ್ಪಿನವರಲ್ಲಿ ಸಾವಿರ ಮಂದಿಗೆ ವರ್ಷಕ್ಕೆ ಸುಮಾರು ೩೪ ಪಾರ್ಶ್ವವಾಯುಗಳಾದರೆ, ಬೆರಸಿದ ಉಪ್ಪಿನವರಲ್ಲಿ ಸುಮಾರು ೨೯ ಮಾತ್ರ ಆದವು. ಅಡಿಗೆಯ ಮನೆಯ ಒಂದು ಸಣ್ಣ ಬದಲಾವಣೆಯು ಎಷ್ಟೋ ಕುಟುಂಬಗಳನ್ನು ಆಪತ್ತಿನಿಂದ ತಪ್ಪಿಸಿತು.

ಆದರೂ ಎಚ್ಚರಿಕೆ ಬೇಕು. ಮೂತ್ರಪಿಂಡದ ರೋಗಿಗಳೂ, ಪೊಟ್ಯಾಸಿಯಮನ್ನು ದೇಹದಲ್ಲಿ ಉಳಿಸುವ ಔಷಧಗಳನ್ನು ತಕ್ಕೊಳ್ಳುವವರೂ ವೈದ್ಯರನ್ನು ಕೇಳದೆ ಇಂಥ ಉಪ್ಪನ್ನು ಮುಟ್ಟಬಾರದು. ಅವರ ಹೃದಯದ ಬಡಿತಕ್ಕೆ ಅದು ಅಪಾಯಕರವಾದೀತು.

೫. ನಾವು ಮಾಡತಕ್ಕದ್ದು

ಪ್ರಾಯದವರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ಲೋಕಾರೋಗ್ಯ ಸಂಸ್ಥೆಯು ಹೇಳುತ್ತದೆ. ಅಂದರೆ ಚಹಾದ ಚಮಚದಲ್ಲಿ ಮಟ್ಟವಾಗಿ ಒಂದಕ್ಕಿಂತ ತುಸು ಕಡಿಮೆ. ಸಾರಿಗೆ ಹಾಕಿದ್ದಲ್ಲದೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಅಂಗಡಿಯ ಖಾರದ ತಿಂಡಿ, ರೊಟ್ಟಿ, ಬಿಸ್ಕತ್ತು ಇವುಗಳಲ್ಲಿರುವದೂ ಈ ಲೆಕ್ಕಕ್ಕೆ ಸೇರಿದ್ದೇ. ಸೈಂಧವ ಲವಣವು ಒತ್ತಡಕ್ಕೆ ಬಾಧಕವಲ್ಲವೆಂದು ಕೆಲವರು ತಿಳಿಯುತ್ತಾರೆ; ಅದರಲ್ಲಿಯೂ ಇರುವದು ಬಹುಮಟ್ಟಿಗೆ ಅದೇ ಸೋಡಿಯಮ್. ಎಲೆಯ ಬದಿಗೆ ಉಪ್ಪು ಬಡಿಸುವದನ್ನು ಮೊದಲು ನಿಲ್ಲಿಸಿರಿ. ಹುಳಿ, ಮೆಣಸು, ಕೊತ್ತಂಬರಿಗಳಿಂದ ರುಚಿಯನ್ನು ತುಂಬಿಸಿರಿ. ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆಯು ಒಗ್ಗಿಕೊಳ್ಳುವದು.

ಉಪ್ಪು ಕಡಿಮೆಮಾಡಿದೆನೆಂದು ಔಷಧವನ್ನು ನಿಲ್ಲಿಸಬೇಡಿರಿ. ಇನ್ನು ತಮ್ಮನು ಅಣ್ಣನ ಪಥ್ಯವನ್ನು ಕೆಡಿಸುವದಕ್ಕೆ ಬದಲಾಗಿ ತಾನೂ ಅದೇ ಪಾತ್ರೆಯಿಂದ ಉಣ್ಣಲಿ, ವರ್ಷಕ್ಕೊಮ್ಮೆಯಾದರೂ ತನ್ನ ಒತ್ತಡವನ್ನು ಅಳೆಸಿಕೊಳ್ಳಲಿ. ಒಬ್ಬನಿಗೋಸ್ಕರ ಮನೆಯವರೆಲ್ಲರೂ ತುಸು ಉಪ್ಪನ್ನು ಬಿಡುವದು ದೊಡ್ಡ ನಷ್ಟವಲ್ಲ; ಅದರಿಂದ ಇಬ್ಬರಿಗೂ ಪ್ರಯೋಜನವಾದೀತು.

ಪ್ರಶ್ನೆಗಳು: ೧. ಉಪ್ಪು ಒತ್ತಡವನ್ನು ಏರಿಸುವದು ಹೇಗೆ? ೨. ಉಪ್ಪಿಗೆ ಹೆಚ್ಚಾಗಿ ಬಾಗುವವರು ಯಾರು ಯಾರು? ೩. ಬೆರಸಿದ ಉಪ್ಪನ್ನು ಯಾರು ಬಳಸಬಾರದು? ೪. ತಮ್ಮನ ಮಾತಿನಲ್ಲಿ ಸತ್ಯವೆಷ್ಟು, ತಪ್ಪೆಷ್ಟು?