ಸ್ಪರ್ಶಕ್ಕೆ ಸ್ಪಂದಿಸುವ ಧಾರಕ: ಕಿರಿದೆಡೆಯಲ್ಲಿ ಅದರ ವಿನ್ಯಾಸ

ಪಂಚೇಂದ್ರಿಯಗಳಲ್ಲಿ ತ್ವಗಿಂದ್ರಿಯಕ್ಕೆ ದೇಹವೆಲ್ಲವೂ ನೆಲೆ. ಯಂತ್ರಕ್ಕೂ ಅಂಥದೊಂದು ತೊಗಲನ್ನು ತೊಡಿಸುವ ಪ್ರಯತ್ನದ ಫಲವೇ ಧಾರಕತತ್ತ್ವದ ಸ್ಪರ್ಶಸಂವೇದಕ. ಜೇಬಿನ ದೂರವಾಣಿ, ಕೈಗಡಿಯಾರ, ಕಿವಿಯಲ್ಲಿ ಕೂರುವ ಪುಟ್ಟ ಧ್ವನಿಸಾಧನ, ಅಡುಗೆಮನೆಯ ಇಂಡಕ್ಷನ್ ಒಲೆ, ಇವುಗಳಲ್ಲೆಲ್ಲ ಅದು ಇಂದು ನೆಲೆಸಿದೆ. ಇದರ ಪ್ರಸಾರಕ್ಕೆ ಅಂದ ಒಂದು ಕಾರಣವಾದರೂ ಎಡೆಯ ಅಭಾವ ಇನ್ನೊಂದು ಬಲವಾದ ಕಾರಣ. ಒತ್ತುಗುಂಡಿ ಕೆಲಸಮಾಡಬೇಕಾದರೆ ಅದಕ್ಕೆ ಚಲಿಸಲು ಸ್ಥಳ ಬೇಕು. ಒಳಗೆ ಸ್ಪ್ರಿಂಗು, ಲೋಹದ ಸಂಪರ್ಕಪಟ್ಟಿ, ಹೊರಕವಚದಲ್ಲಿ ರಂಧ್ರ, ಆ ರಂಧ್ರದಿಂದ ಧೂಳೂ ನೀರೂ ನುಗ್ಗದಂತೆ ತಡೆ ಬೇಕು. ಧಾರಕ ಸಂವೇದಕಕ್ಕೆ ಇವಾವುವೂ ಬೇಡ. ಫಲಕದ ಮೇಲೆ ಮುದ್ರಿಸಿದ ತಾಮ್ರದ ಒಂದು ತೆಳುಬಿಲ್ಲೆ ಸಾಕು. ಉಳಿದ ಎಡೆಯನ್ನು ವಿದ್ಯುತ್ಕೋಶಕ್ಕೆ ಬಿಟ್ಟುಕೊಡಬಹುದು.

ಇದರ ಮೂಲತತ್ತ್ವ ಹೊಸದಲ್ಲ. ಅವಾಹಕವೊಂದನ್ನು ನಡುವಿರಿಸಿಕೊಂಡ ಎರಡು ವಾಹಕಗಳು ವಿದ್ಯುದಾವೇಶವನ್ನು ಹಿಡಿದಿಡುತ್ತವೆ. ಈ ಜೋಡಣೆಯೇ ಧಾರಕ. 1745-46ರಲ್ಲಿ ಪೊಮೆರೇನಿಯದ ಫಾನ್ ಕ್ಲೈಸ್ಟ್ ಹಾಗೂ ಲೈಡನ್ ನಗರದ ಮುಸ್ಸೆನ್‌ಬ್ರೂಕ್ ಇವರ ಪ್ರಯೋಗಗಳಿಂದ ಬೆಳಕಿಗೆ ಬಂದ ಲೈಡನ್ ಜಾಡಿಯೇ ಮೊದಲ ಧಾರಕ. ಜಾಡಿಯ ಹೊರಮೈಗೆ ಲೋಹದ ತಗಡು ಹೊದಿಸುವ ರೂಢಿ ಬರುವ ಮೊದಲು, ಅದನ್ನು ಹಿಡಿದವನ ಅಂಗೈಯೇ ಹೊರಗಿನ ವಾಹಕವಾಗಿತ್ತು. ಧಾರಕದ ಇತಿಹಾಸದ ಮೊದಲ ಪುಟದಲ್ಲಿಯೇ ಮನುಷ್ಯನ ಕೈ ಅದರ ಒಂದು ಭಾಗವಾಗಿದ್ದುದು ಗಮನಾರ್ಹ. ಇಂದಿನ ಸಂವೇದಕದಲ್ಲಿ ತಾಮ್ರದ ಬಿಲ್ಲೆ ಒಂದು ಫಲಕ, ಗಾಜು ಅಥವಾ ಪ್ಲಾಸ್ಟಿಕ್ಕಿನ ಕವಚ ನಡುವಿನ ಅವಾಹಕ, ಬೆರಳು ಇನ್ನೊಂದು ಫಲಕ. ಬೆರಳು ಲೋಹವನ್ನು ಮುಟ್ಟುವುದೇ ಇಲ್ಲ. ಸ್ಪರ್ಶಸಂವೇದಕವೆಂಬ ಹೆಸರು ಆ ಮಟ್ಟಿಗೆ ಸಡಿಲವಾದುದೇ.

ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರಾಯಲ್ ರೇಡಾರ್ ಸಂಸ್ಥೆಯ ಇ. ಎ. ಜಾನ್ಸನ್ 1965ರಲ್ಲಿ ಈ ತತ್ತ್ವದ ಸ್ಪರ್ಶಪರದೆಯನ್ನು ವಿವರಿಸಿ ಲೇಖನ ಪ್ರಕಟಿಸಿದನು. ವಿಮಾನಸಂಚಾರದ ನಿಯಂತ್ರಣ ಅವನ ಉದ್ದೇಶವಾಗಿತ್ತು. 1970ರ ದಶಕದ ಆದಿಯಲ್ಲಿ ಜಿನೀವಾದ ಬಳಿಯ ಸೆರ್ನ್ ಸಂಶೋಧನ ಕೇಂದ್ರದಲ್ಲಿ ಬೆಂಟ್ ಸ್ಟುಂಪೆ ಇನ್ನೊಂದು ಬಗೆಯನ್ನು ರೂಪಿಸಿದನು. ಕಣವೇಗವರ್ಧಕದ ನಿಯಂತ್ರಣ ಕೊಠಡಿಯಲ್ಲಿ ಸಾವಿರಾರು ಗುಂಡಿಗಳಿಗೆ ಬದಲಾಗಿ ಕೆಲವೇ ಪರದೆಗಳಿರಬೇಕೆಂಬುದು ಅಲ್ಲಿನ ಅಗತ್ಯ. ಗಾಜಿನ ಮೇಲಣ ತಾಮ್ರದ ಲೇಪದಲ್ಲಿ 80 ಮೈಕ್ರೋಮೀಟರ್ ಅಗಲದ ಗೆರೆಗಳನ್ನು ಅಷ್ಟೇ ಅಂತರವಿಟ್ಟು ಕೊರೆದು, ಕಣ್ಣಿಗೆ ಕಾಣದ ಧಾರಕಗಳನ್ನು ಅವನು ಯೋಜಿಸಿದನು. ಎಡೆಯನ್ನು ಉಳಿಸುವ ಆಸೆ ಹೀಗೆ ಈ ವಿದ್ಯೆಯ ಹುಟ್ಟಿನೊಡನೆಯೇ ಬಂದುದು.

ಈಗ ಲೆಕ್ಕವನ್ನು ನೋಡಬಹುದು. ವಿನ್ಯಾಸದ ಮರ್ಮವೆಲ್ಲ ಇರುವುದು ಇಲ್ಲಿಯೇ. ಪ್ರೌಢಶಾಲೆಯನ್ನು ದಾಟಿದ ವಿದ್ಯಾರ್ಥಿ ಬಲ್ಲ ಸೂತ್ರದಂತೆ, ಧಾರಕತೆಯು ಫಲಕದ ವಿಸ್ತೀರ್ಣಕ್ಕೂ ಅವಾಹಕದ ಪರಾವೈದ್ಯುತಾಂಕಕ್ಕೂ ಅನುಲೋಮವಾಗಿ, ಅವಾಹಕದ ದಪ್ಪಕ್ಕೆ ವಿಲೋಮವಾಗಿ ಇರುತ್ತದೆ. 8 ಮಿ.ಮೀ. ವ್ಯಾಸದ ಬಿಲ್ಲೆಯ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ. ಅದರ ಮೇಲೆ 2 ಮಿ.ಮೀ. ದಪ್ಪದ, ಪರಾವೈದ್ಯುತಾಂಕ 3 ಇರುವ ಪ್ಲಾಸ್ಟಿಕ್ ಕವಚವಿದೆಯೆಂದು ಇಟ್ಟುಕೊಂಡರೆ, ಬೆರಳು ತರುವ ಧಾರಕತೆ ಸುಮಾರು 0.66 ಪಿಕೋಫ್ಯಾರಡ್. ಒಂದು ಪಿಕೋಫ್ಯಾರಡ್ ಎಂದರೆ ಫ್ಯಾರಡ್ಡಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಭಾಗ. ಸ್ಥಳವಿಲ್ಲವೆಂದು ವ್ಯಾಸವನ್ನು 4 ಮಿ.ಮೀ.ಗೆ ಇಳಿಸಿದರೆ ವಿಸ್ತೀರ್ಣ ಕಾಲುಭಾಗವಾಗಿ, ಸಂಕೇತವೂ 0.17 ಪಿಕೋಫ್ಯಾರಡ್ಡಿಗೆ ಕುಗ್ಗುತ್ತದೆ. ಕಳೆದುದನ್ನು ಮರಳಿ ಪಡೆಯಬೇಕಾದರೆ ಕವಚವನ್ನು ಅರ್ಧ ಮಿ.ಮೀ.ಗೆ ತೆಳುಮಾಡಬೇಕು, ದಪ್ಪವನ್ನು ಬದಲಿಸದೆ ಪರಾವೈದ್ಯುತಾಂಕ ಸುಮಾರು 7 ಇರುವ ಗಾಜನ್ನು ಬಳಸಿದರೆ ನಷ್ಟದ ಒಂದು ಭಾಗ ಮಾತ್ರ ಮರಳುತ್ತದೆ. ಬೆರಳು ಸಮತಲದ ಫಲಕವಲ್ಲವಾದುದರಿಂದ ಇವು ಅಂದಾಜಿನ ಅಂಕಿಗಳು. ಆದರೂ ಪ್ರಮಾಣಗಳ ಸಂಬಂಧ ತಪ್ಪುವುದಿಲ್ಲ.

ಇಲ್ಲಿ ಅನನುಭವಿಗಳನ್ನು ಕಾಡುವ ಸಂಗತಿಯೊಂದಿದೆ. ಕವಚಕ್ಕೂ ಬಿಲ್ಲೆಗೂ ನಡುವೆ ಅಂಟು ಸರಿಯಾಗಿ ಕೂಡದೆ ಗಾಳಿ ಉಳಿದರೆ, ಅದರ 0.1 ಮಿ.ಮೀ. ಅಂತರ ಪ್ಲಾಸ್ಟಿಕ್ಕಿನ 0.3 ಮಿ.ಮೀ.ಗೆ ಸಮ. ಅರ್ಧ ಮಿ.ಮೀ. ಕವಚದಲ್ಲಿ ಇಷ್ಟರಿಂದಲೇ ಸಂಕೇತದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನಷ್ಟವಾಗುತ್ತದೆ. ಉಪಕರಣ ಕಿರಿದಾದಷ್ಟೂ ಜೋಡಣೆಯ ಸಣ್ಣ ಲೋಪ ದೊಡ್ಡದಾಗುತ್ತದೆ.

ಬಿಲ್ಲೆಗೆ ಬೆರಳೊಂದೇ ನೆರೆಯಲ್ಲ. ಕೆಳಗಿನ ಭೂಸಂಪರ್ಕದ ತಾಮ್ರ, ಪಕ್ಕದ ತಂತಿಗಳು, ವಿದ್ಯುತ್ಕೋಶದ ಲೋಹಕವಚ, ಎಲ್ಲವೂ ಅದರೊಡನೆ ಧಾರಕವಾಗಿ ಬೆಸೆದುಕೊಳ್ಳುತ್ತವೆ. ಈ ಅನಪೇಕ್ಷಿತ ಧಾರಕತೆ 10 ಪಿಕೋಫ್ಯಾರಡ್ ಇದ್ದರೆ, ಬೆರಳಿನ 0.66ನ್ನು ಗುರುತಿಸುವುದು ತುಂಬಿದ ಕೊಡಕ್ಕೆ ಬಿದ್ದ ಒಂದು ಸೌಟು ನೀರನ್ನು ಅಳೆದಂತೆ. ಆದಕಾರಣ ಬಿಲ್ಲೆಯ ಕೆಳಗೆ ಇಡಿಯಾದ ತಾಮ್ರದ ಹಾಸನ್ನು ಬಿಟ್ಟು ಜಾಲರಿಯಂಥ ಹಾಸನ್ನು ಇಡುತ್ತಾರೆ. ಸಂವೇದಕದ ಗೆರೆಗಳನ್ನು ಕಿರಿದಾಗಿ, ಗಿಡ್ಡವಾಗಿ ಎಳೆಯುತ್ತಾರೆ. ಕೆಲವೆಡೆ ಸುತ್ತಲಿನ ತಾಮ್ರಕ್ಕೆ ಬಿಲ್ಲೆಯಷ್ಟೇ ವಿಭವವನ್ನು ಕೊಟ್ಟು ರಕ್ಷಾಕವಚವಾಗಿಸುವುದುಂಟು. ಸಮವಿಭವದ ಎರಡು ವಾಹಕಗಳ ನಡುವೆ ಆವೇಶ ಸಂಗ್ರಹವಾಗದು. ಕವಚದ ಮೇಲೆ ಬಿದ್ದ ನೀರಿನ ಹನಿಯನ್ನು ಬೆರಳೆಂದು ಭ್ರಮಿಸುವ ದೋಷಕ್ಕೂ ಇದೇ ಮದ್ದು.

ಗೆರೆಗಳ ಸಂಖ್ಯೆಯನ್ನು ಉಳಿಸುವುದು ಮತ್ತೊಂದು ಉಪಾಯ. ಹನ್ನೆರಡು ಗುಂಡಿಗಳಿಗೆ ಹನ್ನೆರಡು ಗೆರೆಗಳ ಬದಲು, ಮೂರು ಅಡ್ಡಸಾಲು ನಾಲ್ಕು ಕಂಬಸಾಲುಗಳ ಜಾಲದಲ್ಲಿ ಏಳು ಸಾಕು. ಸಾಲುಗಳನ್ನು ಬಿಡಿಬಿಡಿಯಾಗಿ ಅಳೆದರೆ ಎರಡು ಬೆರಳುಗಳು ನಾಲ್ಕು ಸ್ಥಾನಗಳ ಸಂದೇಹವನ್ನು ತರುತ್ತವೆ. ಅಡ್ಡಸಾಲಿಗೂ ಕಂಬಸಾಲಿಗೂ ನಡುವಣ ಪರಸ್ಪರ ಧಾರಕತೆಯನ್ನು ಒಂದೊಂದು ಸಂಧಿಯಲ್ಲಿಯೂ ಅಳೆದರೆ ಸಂದೇಹ ಪರಿಹಾರವಾಗುತ್ತದೆ. ಗರಗಸದ ಹಲ್ಲಿನಂತೆ ಒಂದರೊಳಗೊಂದು ಹೊಕ್ಕ ಕೆಲವೇ ಬಿಲ್ಲೆಗಳಿಂದ, ಬೆರಳು ಯಾವುದನ್ನು ಎಷ್ಟು ಆವರಿಸಿದೆಯೆಂದು ತುಲನೆಮಾಡಿ, ಹತ್ತಾರು ಸ್ಥಾನಗಳನ್ನು ಗುರುತಿಸಬಹುದು. 2012ರಲ್ಲಿ ಬಂದ ಐಫೋನ್ 5 ಇನ್ನೂ ಮುಂದೆ ಹೋಗಿ, ಪ್ರತ್ಯೇಕ ಸ್ಪರ್ಶಪದರವನ್ನೇ ತೆಗೆದು, ಚಿತ್ರಪರದೆಯ ವಿದ್ಯುದಾಗ್ರಗಳಿಗೆ ಸರದಿಯ ಮೇಲೆ ಸ್ಪರ್ಶದ ಕೆಲಸವನ್ನೂ ವಹಿಸಿತು.

ಕೋಶದಿಂದ ನಡೆಯುವ ಉಪಕರಣಕ್ಕೆ ಭೂಮಿಯೊಡನೆ ನೇರ ಸಂಪರ್ಕವಿರುವುದಿಲ್ಲ. ಕೈಯಲ್ಲಿ ಹಿಡಿದಾಗ ದೇಹದ ಮೂಲಕ ಮಂಡಲ ಪೂರ್ಣವಾಗುವುದು ಸುಲಭ. ಮರದ ಮೇಜಿನ ಮೇಲಿಟ್ಟು ಒಂದೇ ಬೆರಳಿನಿಂದ ಮುಟ್ಟಿದಾಗ ಅದೇ ಸಂಕೇತ ಕ್ಷೀಣಿಸುತ್ತದೆ. ಪ್ರಯೋಗಶಾಲೆಯಲ್ಲಿ ಕೈಯಲ್ಲಿ ಹಿಡಿದು ಮಾತ್ರ ಪರೀಕ್ಷಿಸಿದ ಸಾಧನ ಮನೆಯ ಮೇಜಿನ ಮೇಲೆ ಮೊಂಡುಬೀಳುವುದು ಹೀಗೆ.

ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಅಲ್ಪ ವೆಚ್ಚದಲ್ಲಿ ತೋರಿಸಬಹುದು. ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ರಟ್ಟಿಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದು ಮೆಗಓಮ್ ರೋಧಕದ ಮೂಲಕ ಸೂಕ್ಷ್ಮನಿಯಂತ್ರಕಕ್ಕೆ ಜೋಡಿಸಬೇಕು. 10 ಪಿಕೋಫ್ಯಾರಡ್ಡಿಗೆ ಆವೇಶ ತುಂಬುವ ಕಾಲಾಂಕ 10 ಮೈಕ್ರೋಸೆಕೆಂಡ್. ಬೆರಳಿನಿಂದ ಅದು 0.66ರಷ್ಟು ಹೆಚ್ಚುತ್ತದೆ. ಸೆಕೆಂಡಿಗೆ 1.6 ಕೋಟಿ ಬಾರಿ ಮಿಡಿಯುವ ಗಡಿಯಾರಕ್ಕೆ ಈ ಹೆಚ್ಚಳ ಸುಮಾರು ಹತ್ತು ಮಿಡಿತ. ನೂರು ಬಾರಿ ಅಳೆದು ಕೂಡಿಸಿದರೆ ಸಾವಿರ ಮಿಡಿತಗಳ ಸ್ಪಷ್ಟ ಅಂತರ ದೊರೆಯುತ್ತದೆ. ಕವಚದ ಹಾಳೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಅಂಕಿಗಳನ್ನು ರೇಖಾಚಿತ್ರದಲ್ಲಿ ಗುರುತಿಸಿದ ವಿದ್ಯಾರ್ಥಿಗೆ ಸೂತ್ರ ಕಂಠಪಾಠದ ವಸ್ತುವಾಗಿ ಉಳಿಯದು.

ಎಡೆಯ ಉಳಿತಾಯಕ್ಕೆ ತೆರಬೇಕಾದ ಬೆಲೆಯೊಂದುಂಟು. ಗುಂಡಿಯನ್ನು ಅಂಧರು ತಡವಿ ಗುರುತಿಸಬಲ್ಲರು. ನುಣುಪಾದ ಗಾಜಿನಲ್ಲಿ ತಡವಿದುದೇ ಆಜ್ಞೆಯಾಗಿಬಿಡುತ್ತದೆ. ದೂರವಾಣಿಗೆ ಪರದೆಯನ್ನು ಓದಿಹೇಳುವ ಧ್ವನಿಯಿದೆ. ಧ್ವನಿಯಿಲ್ಲದ ಒಲೆಯ ಫಲಕದಲ್ಲಿ ದೃಷ್ಟಿ ಮಂದವಾದ ಗೃಹಿಣಿಗೆ ಉರಿಯನ್ನು ತಗ್ಗಿಸುವ ಎಡೆ ಯಾವುದೆಂದು ತಿಳಿಯದು. ವಿನ್ಯಾಸಕಾರರು ಇದನ್ನು ತಮ್ಮ ಹೊಣೆಯೆಂದು ಬಗೆಯದಿರುವುದು ಸರಿಯಲ್ಲ. ಪರಿಹಾರ ಕಷ್ಟವೂ ಅಲ್ಲ. ಬಿಲ್ಲೆಯ ಮೇಲೆಯೇ ಉಬ್ಬುಚುಕ್ಕೆ ಇಟ್ಟರೆ ಕವಚ ದಪ್ಪವಾಗಿ ಸಂಕೇತ ಕುಗ್ಗುವುದು ನಿಜ. ಅದರ ಬದಲು, 2 ಮಿ.ಮೀ. ಪ್ಲಾಸ್ಟಿಕ್ ಕವಚದಲ್ಲಿ ಬಿಲ್ಲೆಯ ನೇರಕ್ಕೆ 1 ಮಿ.ಮೀ. ಆಳದ ತಗ್ಗನ್ನು ಅಚ್ಚಿನಲ್ಲಿಯೇ ಮೂಡಿಸಿದರೆ, ಬೆರಳಿಗೆ ಎಡೆ ತಿಳಿಯುತ್ತದೆ, ಸಂಕೇತವೂ ಇಮ್ಮಡಿಯಾಗುತ್ತದೆ.